ನಮ್ಮತ್ತೆಯ ಸಂಶಯದ ಕಣ್ಣು

ಈ ಭೂಮಿಯ ಮೇಲೆ ನಮ್ಮ ಸೋದರತ್ತೆ ನಂಬಿದ್ದು ಒಂದೇ ಸಂಗತಿಯನ್ನು: ಯಾರನ್ನೂ ನಂಬಬಾರದು. ದೇವರನ್ನಾದರೂ ನಂಬುತ್ತಿದ್ದಳೇ ಅಂತ ಕೇಳಬೇಡಿ. ಗುಡಿಯಲ್ಲಿ ಮಂಗಳಾರತಿ ನಡೆಯುವಾಗ ಆಕೆಯ ಕೈ ದೇವರ ಕಡೆಗಿರುತ್ತಿತ್ತು, ಮನಸ್ಸು ಬಾಗಿಲಲ್ಲಿ ಬಿಟ್ಟುಬಂದ ಮೆಟ್ಟಿನ ಕಡೆಗಿರುತ್ತಿತ್ತು. ಪೂಜಾರಿ ಕೊಟ್ಟ ತೀರ್ಥವನ್ನು ಮೊದಲು ಮೂಸಿ, ಆಮೇಲೆ ಕುಡಿಯುತ್ತಿದ್ದಳು.

ನನಗೆ ಹೊಸೂರಿನ ಹತ್ತಿರ, ಮೂರು ಭಾಷೆ ನಡೆಯುವ ಸೂಳಗಿರಿಯ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿದಾಗ ಅತ್ತೆಯ ಮನೆಯಲ್ಲೇ ಇರುವುದೆಂದು ತೀರ್ಮಾನವಾಯಿತು. ನನ್ನನ್ನು ಎತ್ತಿ ಆಡಿಸಿದ ಅತ್ತೆ. ಟ್ರಂಕು ಹೊತ್ತುಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ ಮೊದಲು ಕನ್ನಡದಲ್ಲಿ "ಯಾರು?" ಅಂತ ಬಂತು, ಆಮೇಲೆ ತೆಲುಗಿನಲ್ಲಿ "ಎವರು?" ಅಂತ ಬಂತು. ತಮಿಳಿನಲ್ಲೂ ಕೇಳುತ್ತಿದ್ದಳೋ ಏನೋ, ಅಲ್ಲೂ 'ಯಾರು' ಅನ್ನುವುದೇ ಆದ್ದರಿಂದ ಒಂದು ಪ್ರಶ್ನೆಯ ಶ್ರಮ ಉಳಿಯಿತು. ನಾನೇ, ಅತ್ತೆ, ನಿನ್ನ ಅಣ್ಣನ ಮಗ ಅಂದೆ. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ನಮ್ಮಣ್ಣನ ಮಗ ಅನ್ನಾಕೆ ಏನ್ಲಾ ಗುರ್ತು?"

ಚಿಕ್ಕವನಿದ್ದಾಗ ಆಕೆಯ ಹಿತ್ತಲಿನ ಕಲ್ಲುಬಾನಿಯ ಮೇಲಿಂದ ಬಿದ್ದು ಮಂಡಿ ಒಡೆದುಕೊಂಡಿದ್ದೆ. ಆ ಗಾಯದ ಕಲೆಯನ್ನು, ಬೀದಿಯಲ್ಲಿ ನಿಂತು, ಪಂಚೆ ಎತ್ತಿ ತೋರಿಸಿದೆ. ಆಕೆ ಬಗ್ಗಿ, ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಒಳಗೆ ಬಿಟ್ಟಳು. ಊರಿಗೆ ಹೊಸ ಮೇಷ್ಟರ ಆಗಮನವಾದದ್ದು ಹೀಗೆ.

ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡುತ್ತಿದ್ದವು. ಒಮ್ಮೆ ಹೊಸೂರಿಗೆ ಹೋಗೋಣ ಬಾ ಎಂದು ಕರೆದರೆ ಅತ್ತೆ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಾಪಸು ಹೊರಟಳು. ಒಲೆ ಹಚ್ಚಿದ ಮೇಲೆ ಏನಾದರೂ ಬೇಯಿಸಲೇಬೇಕು, ಒಳಗೆ ಕೂತವರನ್ನು ಬಿಟ್ಟರೆ ಅದರಲ್ಲಿ ಬೇಯಿಸುವಂಥದ್ದು ಇನ್ನೇನಿದೆ ಎಂಬುದು ಆಕೆಯ ವಾದ. ಆ ದಿನ ಬಸ್ಸು ದಾರಿಯಲ್ಲಿ ಕೆಟ್ಟು, ನಾನು ಮಸಿ ಮೆತ್ತಿಕೊಂಡು ನಡೆದೇ ಮನೆಗೆ ಬಂದೆ. ಅತ್ತೆ ನನ್ನ ಮುಖವನ್ನು ಹತ್ತಿರದಿಂದ ನೋಡಿ, ಸದ್ಯ ಅರೆಬೆಂದು ಬಂದಿದ್ದೀಯ ಅಂದಳು.

ಅತ್ತೆಯ ಪಕ್ಕದ ಮನೆಯಲ್ಲಿ ಪಾಪಮ್ಮ ಅಂತ ಒಬ್ಬಾಕೆ ಇದ್ದಳು. ಅತ್ತೆಯ ವಯಸ್ಸಿನವಳೇ, ತೆಲುಗಿನವಳು. ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ತೆಲುಗಿನಲ್ಲಿ ಉತ್ತರ ಕೊಡುತ್ತಾ, ಒಂದೇ ಎಲೆಯಡಿಕೆ ತಟ್ಟೆಯ ಮುಂದೆ ಒಂದು ಆಯುಷ್ಯ ಕಳೆದಿದ್ದರು. ಪಾಪಮ್ಮ ಎಲ್ಲರನ್ನೂ ನಂಬುವ ಜೀವ. ಹಾವಾಡಿಗ ಬಂದು ನಿನಗೆ ರಾಜಯೋಗ ಇದೆ ಅಂದರೂ ನಂಬಿ ರಾಗಿ ಹಾಕುವವಳು. ಆ ನಂಬಿಕೆಯಿಂದ ಆಗುವ ನಷ್ಟವನ್ನೆಲ್ಲ ನಮ್ಮತ್ತೆ ಪಕ್ಕದ ಜಗುಲಿಯಲ್ಲಿ ಕೂತು ತಡೆಯುತ್ತಿದ್ದಳು. ಪಾಪಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಬಿಸಿಲು ನೆರಳು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಎಲ್ಲಿಗೆ ಹೋಗುವುದಾದರೂ ಆಕೆಯ ಕೋಲಿನ ಇನ್ನೊಂದು ತುದಿ ಅತ್ತೆಯ ಕೈಯಲ್ಲಿ.

ಆಗಲೇ ನಮ್ಮೂರ ಛತ್ರದ ಶೆಟ್ಟರಿಗೆ ಒಂದು ಒಳ್ಳೆಯ ಯೋಚನೆ ಬಂತು. ಅಕ್ಕಿ ಸಿಗದ ಕಾಲ, ದುಡಿಯುವವರಿಗೇ ಹೊಟ್ಟೆ ತುಂಬದು, ಇನ್ನು ಮುದುಕರ ಪಾಡೇನು? ಬೆಳೆಗಾರರು ಕೊಟ್ಟಷ್ಟು ರಾಗಿ, ಹುರುಳಿ ಕೂಡಿಸಿ, ಊರಿನ ಹೆಂಗಸರು ಸರದಿಯಂತೆ ಅಡುಗೆ ಮಾಡಿ, ಛತ್ರದಲ್ಲಿ ವಯಸ್ಸಾದವರಿಗೆಲ್ಲ ಮಧ್ಯಾಹ್ನ ಮೆತ್ತನೆಯ ಮುದ್ದೆ, ಬಸಿದ ಸಾರು ಹಾಕುವುದೆಂದಾಯಿತು. ಊಟವಾದ ಮೇಲೆ ಕ್ಷೌರದವನು ಬಂದು ತಲೆ, ಉಗುರು ನೋಡುತ್ತಿದ್ದ. ಕಾಂಪೌಂಡರು ಬಂದು ಕೆಮ್ಮಿಗೆ ಔಷಧಿ ಕೊಡುತ್ತಿದ್ದರು. ಹೀಗೆ ಯಾರಾದರೂ ಬಿಟ್ಟಿಯಾಗಿ ಊಟ, ಕ್ಷೌರ, ಔಷಧಿ ಮೂರನ್ನೂ ಕೊಟ್ಟರೆ ನಮ್ಮತ್ತೆಗೆ ನಿದ್ದೆ ಬರುವುದುಂಟೇ?

"ಮಾರಮ್ಮನಿಗೆ ಬಿಟ್ಟ ಹೋತಕ್ಕೆ ಸೊಪ್ಪು ತಿನ್ಸೋದು ಮುದ್ದಿಗೇನ್ಲಾ?" ಅಂದಳು. "ಹುಡುಗ್ರೆಲ್ಲ ದಂಡಿಗೆ ಸೇರಾಯ್ತು. ಇನ್ನೀಗ ಮುದುಕ್ರುನ್ನ ಕೊಬ್ಬಿಸ್ತಾವ್ರೆ."

ಮುದುಕರು ಯುದ್ಧದಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ. ಹುಡುಗರಾದರೆ ಯುದ್ಧದಿಂದ ಓಡಿಹೋಗುತ್ತಾರೆ, ಮುದುಕರಿಗೆ ಓಡುವುದಕ್ಕೆ ಆಗುವುದಿಲ್ಲ, ಸರ್ಕಾರ ಅದನ್ನು ಕಂಡುಕೊಂಡಿದೆ ಅಂದಳು. ಕ್ಷೌರದವನು ಕತ್ತರಿಸಿದ ಬಿಳಿಕೂದಲು ಹಡಗಿನ ಹಗ್ಗಕ್ಕೆ ಹೋಗುತ್ತದಂತೆ.

ಇಷ್ಟೆಲ್ಲ ಹೇಳಿದವಳು ಮಾರನೆಯ ದಿನದಿಂದಲೇ ಪಾಪಮ್ಮನನ್ನು ಕರೆದುಕೊಂಡು ಛತ್ರಕ್ಕೆ ಹೊರಟಳು. ಅನುಮಾನವಿದ್ದರೆ ಯಾಕೆ ಹೋಗುತ್ತೀಯ ಅಂದದ್ದಕ್ಕೆ, ಪಾಪಮ್ಮ ಹೇಗೂ ಹೋಗಿಯೇ ಹೋಗುತ್ತಾಳೆ, ಪರೀಕ್ಷೆ ಮಾಡುವವರು ಒಬ್ಬರು ಬೇಡವೇ ಅಂದಳು. ಪಾಪಮ್ಮನ ಎಲೆಯಿಂದ ಒಂದು ತುತ್ತು ಮೊದಲು ತಾನು ನುಂಗಿ, ಸ್ವಲ್ಪ ಹೊತ್ತು ಬದುಕಿದ್ದು, ಆಮೇಲೆ ಅವಳಿಗೆ ತಿನ್ನುವುದಕ್ಕೆ ಅಪ್ಪಣೆ ಕೊಡುತ್ತಿದ್ದಳು. ಮುದ್ದೆ ನಂಬಿಕಸ್ಥವಾದರೂ ಸಾರು ಹೇಗೋ ಏನೋ, ಅದನ್ನೂ ಪರೀಕ್ಷೆ ಮಾಡಬೇಕು. ಇವತ್ತಿನ ಸಾರು ಒಳ್ಳೆಯದಾದರೆ ನಾಳಿನದು? ಹೀಗೆ ಪರೀಕ್ಷೆ ಮಾಡುತ್ತಾ ಮಾಡುತ್ತಾ ಅತ್ತೆ ಮಳೆಗಾಲದ ಹೊತ್ತಿಗೆ ಚೆನ್ನಾಗಿ ಮೈ ತುಂಬಿಕೊಂಡಳು. ಶೆಟ್ಟರು, ನಮ್ಮ ಊಟದಲ್ಲಿ ಏನಾದರೂ ಸಿಕ್ಕಿತೇನಮ್ಮ ಅಂತ ಕೇಳಿದರೆ, ಇನ್ನೂ ಸಿಕ್ಕಿಲ್ಲ ಶೆಟ್ರೆ, ಬಿಡುವುದಿಲ್ಲ ಅನ್ನುತ್ತಿದ್ದಳು.

ಇಲ್ಲಿಗೇ ನಿಂತಿದ್ದರೆ ಇದು ನಗುವ ಕತೆಯಾಗಿಯೇ ಉಳಿಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಶೆಟ್ಟರು ಕಣ್ಣಿನ ಡಾಕ್ಟರೊಬ್ಬರನ್ನು ಕರೆಸಿದರು. ಡಾಕ್ಟರು ತಮಿಳಿನವರು, ಮೆತ್ತಗಿನ ಮಾತಿನವರು. ಛತ್ರದ ಒಳಗಿನ ಅಂಗಳಕ್ಕೆ ಸುಣ್ಣ ಹೊಡೆಸಿ, ಮಂಚ ಹಾಕಿಸಿ, ಪೊರೆ ಬಂದ ಮುದುಕರಿಗೆ ಆಪರೇಷನ್ ಮಾಡುತ್ತಾ ಕೆಲವು ದಿನ ಅಲ್ಲೇ ಇರುವುದೆಂದಾಯಿತು. ಪಾಪಮ್ಮನ ಕಣ್ಣು ನೋಡಿ ಅವರು, ಈಗ ಮಾಡಿದರೆ ಕಾಣುತ್ತದೆ, ತಡಮಾಡಿದರೆ ನಾನೂ ಏನೂ ಮಾಡಲಾರೆ ಅಂದರು. ಪಾಪಮ್ಮ ತಕ್ಷಣ ಒಪ್ಪಿದಳು. ಒಪ್ಪಿ, ಒಂದು ಮಾತು ನಮ್ಮ ಪಕ್ಕದ ಮನೆಯವಳನ್ನು ಕೇಳಿಬಿಡುತ್ತೇನೆ ಅಂದಳು. ಅಲ್ಲಿಗೆ ಕೆಟ್ಟಿತು.

ಅತ್ತೆಯ ಲೆಕ್ಕಾಚಾರ ಸಿದ್ಧವಾಗಿತ್ತು. ಯುದ್ಧದಲ್ಲಿ ಬಿಳೀ ಸಿಪಾಯಿಗಳ ಕಣ್ಣುಗಳು ಹೋಗುತ್ತಿವೆ. ಅಲ್ಲಿ ಹೋದದ್ದಕ್ಕೆ ಇಲ್ಲಿಂದ ಕಿತ್ತು ಕಳಿಸುತ್ತಾರೆ. ಇಷ್ಟು ದಿನ ಮುದ್ದೆ ಹಾಕಿದ್ದು ಇದಕ್ಕೇ. ಕೊನೆಗೂ ಸಿಕ್ಕಿತು!

ನಾನು ಗೋಗರೆದೆ. ಶೆಟ್ಟರು ಮನೆಗೆ ಬಂದು ಹೇಳಿದರು. ಡಾಕ್ಟರು ಆಪರೇಷನ್ ಆದವನೊಬ್ಬನನ್ನು ಕಳಿಸಿದರು, ಅತ್ತೆ ಅವನನ್ನು ಡಾಕ್ಟರ ಕಡೆಯವನೆಂದು ವಾಪಸು ಕಳಿಸಿದಳು. ಪಾಪಮ್ಮ ಮಾತ್ರ ಒಂದೇ ಹಿಡಿದಿದ್ದಳು: ಅವಳು ಬೇಡವೆಂದರೆ ನನಗೂ ಬೇಡ. ಊರನ್ನೆಲ್ಲ ನಂಬುವ ಆ ಹೆಂಗಸು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದು ನಮ್ಮತ್ತೆಯನ್ನು.

ಆ ದಿನ ಸಂಜೆ ಪಾಪಮ್ಮ ಜಗುಲಿಯ ಮೇಲೆ ಕೂತಿದ್ದಳು. ಮಡಿಲಲ್ಲಿ ಮಗಳ ಮಗು, ಆ ವರ್ಷ ಹುಟ್ಟಿದ್ದು. ಅದರ ಮುಖವನ್ನು ಬೆರಳಿನಿಂದ ಸವರುತ್ತಾ, ಮೂಗು ಯಾರ ಹಾಗಿದೆ ಹೇಳೇ ಅಂತ ಅತ್ತೆಯನ್ನು ಕೇಳಿದಳು. ಅತ್ತೆ, ನಿನ್ನ ಹಾಗೆಯೇ, ಮೊಂಡು ಅಂದಳು. ಪಾಪಮ್ಮನಿಗೆ ಸಂತೋಷವಾಗಿ, ಮತ್ತೆ ಮೂಗನ್ನು ಸವರಿದಳು. ಕಣ್ಣು ಹೇಗಿದೆ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆಯೇ, ಒಂದೊಂದೇ ಕೇಳುತ್ತಾ ಹೋದಳು. ಅತ್ತೆ ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ಒಲೆಯ ಮೇಲೆ ಎಸರಿಟ್ಟಿದ್ದೇನೆ ಅಂತ ಎದ್ದು ಒಳಗೆ ಬಂದಳು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶೆಟ್ಟರು ನನ್ನನ್ನು ಕರೆಸಿದರು. ಹೋಗಿ ನೋಡಿದರೆ ನಮ್ಮತ್ತೆ ತಲೆಗೆ ನೀರು ಹಾಕಿಕೊಂಡು, ಡಾಕ್ಟರ ಮುಂದಿನ ಬೆಂಚಿನ ಮೇಲೆ ಮೊದಲನೆಯವಳಾಗಿ ಕೂತಿದ್ದಾಳೆ.

"ಮೊದ್ಲು ನಂದು ಮಾಡ್ರಿ," ಅಂದಳು.

ನಿನ್ನ ಕಣ್ಣಿಗೇನಾಗಿದೆ ಅತ್ತೆ, ಸುಮ್ಮನೆ ಬಾ ಅಂತ ನಾನು ಕೈ ಹಿಡಿದು ಎಬ್ಬಿಸಲು ನೋಡಿದೆ. ಅಷ್ಟರಲ್ಲಿ ಡಾಕ್ಟರು ದೀಪ ಹಿಡಿದು ನೋಡಿ, ಈಕೆಯ ಬಲಗಣ್ಣು ಪೂರ್ತಿ ಮುಚ್ಚಿದೆ, ಎಡಗಣ್ಣಿನಲ್ಲಿ ಮಸುಕು ಮಸುಕಾಗಿ ಕಾಣುತ್ತಿರಬೇಕು ಅಂದರು. ನಾನು ದಂಗಾದೆ. ಮಂಡಿಯ ಕಲೆಯನ್ನು ಯಾಕೆ ಮುಟ್ಟಿ ನೋಡಿದಳು, ಎದುರಿಗೆ ನಿಂತ ನನ್ನನ್ನೂ ಯಾಕೆ ಗುರುತು ಕೇಳಿದಳು ಎಂಬುದು ಆಗ ತಿಳಿಯಿತು. ಮಗುವಿನ ಮೂಗನ್ನು ಆಕೆಯೂ ಕಂಡಿರಲಿಲ್ಲ. ಕುರುಡಿಯ ಕೋಲಿನ ತುದಿ ಹಿಡಿದು ಊರೆಲ್ಲ ನಡೆಸಿದವಳು ಇವಳು! ಇಬ್ಬರೂ ಯಾವ ಬಾವಿಗೂ ಬೀಳದೆ ಉಳಿದದ್ದು ಹೇಗೋ.

ಆಪರೇಷನ್ನೇನೂ ಸುಲಭವಾಗಿರಲಿಲ್ಲ, ಡಾಕ್ಟರಿಗೆ. ಕತ್ತರಿ ಚಿಮುಟಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಔಷಧಿಯನ್ನು ಮೂಸಿದಳು. ಕಣ್ಣಿನಿಂದ ಏನೇ ತೆಗೆದರೂ ಅದನ್ನು ತನ್ನ ಕೈಗೇ ಕೊಡಬೇಕೆಂದು ತಮಿಳಿನಲ್ಲಿ ಕರಾರು ಮಾಡಿದಳು. ಡಾಕ್ಟರು ಪಾಪ, ತೆಗೆದ ಪೊರೆಯನ್ನು ಒಂದು ಎಲೆಯ ಮೇಲಿಟ್ಟು ಕೊಟ್ಟರು. ಕಣ್ಣಿಗೆ ಕಟ್ಟು ಕಟ್ಟಿಸಿಕೊಂಡು ಅಲುಗಾಡದೆ ಮಲಗಿದ್ದ ಅತ್ತೆ ಅದನ್ನು ಬೆರಳಲ್ಲಿ ಹಿಸುಕಿ, "ತೊಗರಿಬೇಳೆ ಕೊಟ್ಟು ಯಾಮಾರಿಸ್ತಾವ್ನೆ ಕಣ್ಲಾ," ಅಂತ ನನಗೆ ಮಾತ್ರ ಕೇಳುವಂತೆ ಹೇಳಿದಳು.

ಕಟ್ಟು ಬಿಚ್ಚುವ ದಿನ ಪಾಪಮ್ಮನೂ ಬಂದು ಮಂಚದ ಪಕ್ಕದಲ್ಲಿ ಕೂತಳು. ಡಾಕ್ಟರು ದಪ್ಪ ಗಾಜಿನ ಕನ್ನಡಕ ಏರಿಸಿ, ಬೆರಳು ತೋರಿಸಿ, ಎಷ್ಟು ಅಂತ ಕೇಳಿದರು. ಬೆರಳು ಅವರದೇ, ಎಷ್ಟಿವೆ ಅಂತ ಅವರಿಗೇ ಗೊತ್ತಿಲ್ಲವೇ ಅಂದಳು ಅತ್ತೆ. ಆಮೇಲೆ ಪಾಪಮ್ಮನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಎಂಥಾ ಮುದುಕಿ ಆಗ್ಬುಟ್ಟೆಯೇ ಪಾಪಿ," ಅಂದಳು. "ಏಳು. ಕಣ್ಣು ಇಲ್ಲೇ ಐತೆ. ಹೋಗಿ ಮಾಡಿಸ್ಕೋ."

ಪಾಪಮ್ಮ ಹೋದಳು. ಅವಳ ಕಟ್ಟು ಬಿಚ್ಚುವ ಬೆಳಿಗ್ಗೆ ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಾನೂ ಅತ್ತೆಯೂ ಹೊರಗೆ ಜಗುಲಿಯಲ್ಲಿದ್ದೆವು. ನನಗೆ ಸ್ವಲ್ಪ ಗೆಲುವಿನ ಹುಮ್ಮಸ್ಸು. ಅಂತೂ ಡಾಕ್ಟರನ್ನು ನಂಬಿದೆಯಲ್ಲ ಅತ್ತೆ, ಅದೇ ದೊಡ್ಡದು ಅಂದೆ.

ಅತ್ತೆ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ಅವನ್ನ ಯಾರ್ಲಾ ನಂಬಿದ್ರು? ಕಿತ್ಕೊಂತಾನೆ ಅಂತ್ಲೇ ಹೋದೆ. ಕಿತ್ಕೊಂಡ್ರೆ ನಂದು ಹೋಗ್ಲಿ, ಅವಳು ಉಷಾರಾಯ್ತಾಳೆ. ಕೀಳ್ದೆ ಬುಟ್ರೆ, ಅವಳು ಮೊಮ್ಮಗಿನ ಮೊಕ ನೋಡ್ತಾಳೆ."

ಅಷ್ಟರಲ್ಲಿ ಒಳಗಿನಿಂದ ಪಾಪಮ್ಮನ ದನಿ ಕೇಳಿತು. ತೆಲುಗಿನಲ್ಲಿ ಮಗುವನ್ನು ಕರೆಯುತ್ತಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಒಳಗೆ ಹೋಗೋಣ ಬಾ ಅತ್ತೆ ಅಂದೆ.

"ಇರ್ಲಿ ಕಣ್ಲಾ. ಮೊದ್ಲು ಮಗೀನ ನೋಡ್ಲಿ. ನನ್ ಮೊಕ ಎಲ್ ಹೋಯ್ತದೆ," ಅಂದಳು. ಅಂದು, ಹೊಸ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸುತ್ತಾ, ಗೋಡೆಯ ಕಡೆಗೆ ತಿರುಗಿ ಕೂತಳು.