ಕಾಮಾತಾದಲ್ಲಿ ಇಳೀಬೇಕಿತ್ತು

ಏರ್‌ಪೋರ್ಟ್ ಕ್ಲೈಮ್ಯಾಕ್ಸ್ ಹೇಳೋದ್ರಲ್ಲಿ ನನ್ನನ್ನ ಮೀರಿಸೋ ಗಂಡು ಟೋಕಿಯೋದಲ್ಲಿ ಇನ್ನೂ ಹುಟ್ಟಿಲ್ಲ. ನೀವು ನೋಡಿರೋ ಸಿನಿಮಾದಲ್ಲಿ ಹೀರೋ ಓಡ್ತಾನೆ, ಹೀರೋಯಿನ್ ತಿರುಗ್ತಾಳೆ, ವಿಮಾನ ನಿಲ್ಲುತ್ತೆ. ನನ್ನ ಹೀರೋ ಕುಗಾ ಕೂತ ಜಾಗದಿಂದ ಏಳದೇನೇ ಬೆವರಲ್ಲಿ ಸ್ನಾನ ಮಾಡ್ದ. ಬಾಯಿ ಮುಚ್ಕೊಂಡು ಕೇಳಿ.

ಕುಗಾ ಅಸಾಕುಸಾ ಸ್ಟೇಷನ್ನಿನ ಮೆಟ್ಟಿಲು ಇಳಿಯೋ ಹೊತ್ತಿಗೆ ಹನೇಡಾ ಏರ್‌ಪೋರ್ಟಿನ ನೇರ ರೈಲು ಮೂತಿ ತಿರುಗಿಸ್ಕೊಂಡು ಹೊರಟಿತ್ತು. ಹಿಂದೇನೇ ಬಂದದ್ದು ಮಿಸಾಕಿಗುಚಿ ರೈಲು. ಅದೂ ಇದೇ ಸುರಂಗದಲ್ಲಿ ಓಡಿ, ಊರಾಚೆ ನೆಲದ ಮೇಲೆದ್ದು, ದಕ್ಷಿಣದ ಕೊನೇ ತುದಿವರೆಗೂ ಹೋಗುತ್ತೆ. ಪರವಾಗಿಲ್ಲ, ಕಾಮಾತಾದಲ್ಲಿ ಇಳಿದು ಬದಲಾಯಿಸಿದ್ರೆ ಹನೇಡಾ ಪಕ್ಕದಲ್ಲೇ. ಹತ್ತಿ ಕೂತ.

ಹನೇಡಾದಲ್ಲಿ ಚಿಸಾತೊ ಕಾಯ್ತಿದ್ದಳು. ಕಾಲುಚೀಲದ ಕಂಪನಿಯಲ್ಲಿ ವರ್ಷಗಟ್ಟಲೆ ಪಕ್ಕದ ಮೇಜು. ಈಗ ಅವಳಿಗೆ ಸಮುದ್ರದಾಚೆ ದ್ವೀಪದ ಊರು ನಾಹಾಕ್ಕೆ ವರ್ಗ. ಬೀಳ್ಕೊಡುಗೆ ದಿನ ಬಿಯರ್ ಗ್ಲಾಸು ಕುಕ್ಕಿ ಅಂದಿದ್ದಳು: "ಕುಗಾ, ಹೇಳೋದೇನಾದ್ರೂ ಇದ್ರೆ ವಿಮಾನ ಹೊರಡೋದ್ರೊಳಗೆ ಬಂದು, ಎದುರಿಗೆ ನಿಂತು ಹೇಳು. ಮೆಸೇಜಲ್ಲಿ ಹೇಳಿದ್ಯೋ, ಬ್ಲಾಕ್."

ನಿಹೊಂಬಾಶಿಯಲ್ಲಿ ಐವತ್ತರ ಆಸಾಮಿಯೊಬ್ಬ ಹತ್ತಿ ಪಕ್ಕದ ಮೂಲೆ ಸೀಟಲ್ಲಿ ಕೂತ. ಕೂತದ್ದೇ ತಡ, ತಲೇನ ಕುಂಬಳಕಾಯಿ ಉರುಳಿಸಿದ ಹಾಗೆ ಕುಗಾನ ಹೆಗಲಿಗೆ ಉರುಳಿಸಿ ಗೊರಕೆ ಶುರುಮಾಡ್ದ.

ಕಾಮಾತಾ ಹತ್ತಿರ ಬಂತು. ಕುಗಾ ಎದುರು ಸೀಟಿನ ಅಜ್ಜಿ ಕಡೆ ದೈನ್ಯದಿಂದ ನೋಡಿದ.

"ಅಜ್ಜಿ, ನಾನಿಲ್ಲಿ ಇಳೀಬೇಕು. ಇವರನ್ನ ಎಬ್ಬಿಸ್ಲಾ?" ಅಂತ ಪಿಸುಗುಟ್ಟಿದ.

"ಎಬ್ಬಿಸಪ್ಪಾ," ಅಂದ್ರು ಅಜ್ಜಿ, ಅವನಿಗಿಂತ ಮೆತ್ತಗೆ. "ರಾತ್ರಿಯೆಲ್ಲಾ ದುಡಿದು ಬಂದಿರ್ತಾನೆ, ಎಬ್ಬಿಸು. ಇಲ್ಲಾ ಸುಮ್ನೆ ಎದ್ದು ಹೋಗು, ಆ ತಲೆ ನೆಲಕ್ಕೆ ಬಡೀಲಿ. ನಿಮ್ಮನೇಲಿ ಹೀಗೇ ಬೆಳೆಸಿದಾರೇನೋ, ನಾನ್ಯಾರು ಹೇಳೋಕೆ?"

ಬಾಗಿಲು ತೆರೀತು. ಕುಗಾ ಒಂದಿಂಚು ಎದ್ದ. ತಲೆ ಜಾರಿತು. ಇಡೀ ಬೋಗಿ ಅವನನ್ನ ಕೊಲೆಗಾರನ ಥರ ನೋಡ್ತು. ಕೂತ. ಬಾಗಿಲು ಮುಚ್ಚಿತು.

ಮೊಬೈಲಲ್ಲಿ ಚಿಸಾತೊ: "ಬ್ಯಾಗ್ ಕೊಟ್ಟಾಯ್ತು. ಎಲ್ಲಿ ಸತ್ತಿದ್ದೀಯ?"

"ದಾರೀಲಿದ್ದೀನಿ," ಅಂತ ಒತ್ತಿದ. ಸುಳ್ಳೇನಲ್ಲ. ದಾರಿ ಮಾತ್ರ ಬೇರೆ.

ಯೊಕೊಹಾಮಾ ಕಡೇ ಚಾನ್ಸು. ಅಲ್ಲಿ ಇಳಿದು ವಾಪಸ್ ಓಡಿದ್ರೆ ಇನ್ನೂ ಸಿಗ್ತಾಳೆ. ಕುಗಾ ಬಾಂಬು ಬಿಚ್ಚೋ ಪೊಲೀಸನ ಹಾಗೆ ಉಸಿರು ಹಿಡಿದು, ಹೆಗಲ ಜಾಗಕ್ಕೆ ತನ್ನ ಬ್ಯಾಗು ತೂರಿಸೋಕೆ ಹೊರಟ. ಆಸಾಮಿ ನಿದ್ದೇಲೇ ಅವನ ತೋಳು ಗಬಕ್ಕನೆ ಹಿಡ್ಕೊಂಡ. "ಅಮ್ಮಾ... ಐದೇ ನಿಮಿಷ..." ಅಂದ. ಮುಗೀತು ಕತೆ. ಬಾಗಿಲು ಮುಚ್ಚಿತು.

ಆಮೇಲೆ ಫೋನು ಗುರ್ ಅಂತು. ಇಲ್ಲಿನ ರೈಲಲ್ಲಿ ಫೋನೆತ್ತಿ ಮಾತಾಡೋ ಹಾಗಿಲ್ಲವಲ್ಲ! ಬೋಗಿಯ ಕಣ್ಣೆಲ್ಲಾ ಇವನ ಮೇಲೆ. ಕಟ್ ಮಾಡ್ದ. ಮೆಸೇಜ್ ಬಂತು: "ಕಟ್ ಮಾಡಿದ್ಯಾ? ಭಲೇ. ನಾನು ಗೇಟಿನ ಹತ್ರ ಹೋಗ್ತಿದ್ದೀನಿ."

ಯೊಕೊಸುಕಾದಲ್ಲಿ ಇಳಿಯೋವಾಗ ಅಜ್ಜಿ ಕೆನ್ನೆ ತಟ್ಟಿದ್ರು. "ಚಿನ್ನದಂಥ ಹುಡುಗ. ನಿಂಗೆ ಒಳ್ಳೇ ಹೆಂಡ್ತಿ ಸಿಗ್ತಾಳೆ ಬಿಡು."

ಮಿಸಾಕಿಗುಚಿ. ಅದರಾಚೆ ರೈಲಿಲ್ಲ, ಮೂಲಂಗಿ ಹೊಲ. ಆಸಾಮಿ ಕಣ್ಣುಜ್ಜಿ ಎದ್ದ.

"ಕಾಮಾತಾ ಬಂತಾ?"

"ಬಂತು. ಹೋಯ್ತು ಕೂಡ."

ಅವನ ಮುಖ ಸುಣ್ಣದ ಗೋಡೆ ಆಯ್ತು. ಚೀಲ ತೆಗೆದ. ಒಳಗೆ ಚಿನ್ನದ ಪಟ್ಟಿಯ ಟೋಪಿ! "ಅಯ್ಯೋ, ಹನ್ನೊಂದೂವರೆ ನಾಹಾ ವಿಮಾನ ಓಡಿಸ್ಬೇಕಾದೋನು ನಾನು ಕಣಯ್ಯಾ!"

ಕುಗಾನ ಎದೇಲಿ ಬ್ಯಾಂಡ್‌ಸೆಟ್ಟು ಬಾರಿಸ್ತು. ಚಿಸಾತೊ ಹತ್ತಬೇಕಾದ ಅದೇ ವಿಮಾನ! "ಕ್ಯಾಪ್ಟನ್! ನೀವಿಲ್ಲಿ ಅಂದ್ಮೇಲೆ ವಿಮಾನ ಅಲ್ಲೇ! ನೀವು ಹೋಗೋವರೆಗೂ ಅದು ಅಲ್ಲಾಡಲ್ಲ!" ಅಂತ ತಬ್ಬಿಕೊಂಡ.

ಕ್ಯಾಪ್ಟನ್ ಪ್ಲಾಟ್‌ಫಾರ್ಮಿಗೆ ಇಳಿದು, ಫೋನಿಗೇ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿ ಬಂದ.

"ಏನಂತೆ ಕ್ಯಾಪ್ಟನ್?"

"ಬದಲಿ ಕ್ಯಾಪ್ಟನ್ ಹತ್ತಿ ಕೂತಿದ್ದಾನಂತೆ. ಒಂದು ನಿಮಿಷ ಕೂಡ ತಡ ಆಗಲ್ವಂತೆ." ಅಂದೋನು, ತಿರುಗಿಬಿದ್ದ. "ನಿಂಗೇನು ಬಂದಿತ್ತಯ್ಯಾ? ಒಂದು ಸಲ ಅಲ್ಲಾಡಿಸೋಕೆ ಆಗ್ಲಿಲ್ವಾ?"

ಕುಗಾ ಮೂಲಂಗಿ ನೋಡ್ತಾ ನಿಂತ.

ಸರಿ, ನಿಮ್ಮ ಕಿವಿಗೆ ಹೂವಿಟ್ಟದ್ದು ಸಾಕು. ನಿಜ ಹೇಳಿಬಿಡ್ತೀನಿ. ಯೊಕೊಹಾಮಾದಲ್ಲಿ ಆ ಮನುಷ್ಯ ತೋಳು ಹಿಡೀಲೂ ಇಲ್ಲ, ಅಮ್ಮಾ ಅನ್ನಲೂ ಇಲ್ಲ. ರೈಲು ನಿಂತ ರಭಸಕ್ಕೆ ಆ ತಲೆ ತಾನಾಗೇ ಆಚೆ ಹೊರಳಿ ಕಂಬಿಗೆ ಒರಗಿತ್ತು. ಹೆಗಲು ಖಾಲಿ. ಬಾಗಿಲು ತೆರೆದಿತ್ತು. ಅಜ್ಜಿ ಕೂಡ ತೂಕಡಿಸ್ತಿದ್ರು. ಕುಗಾ ಎದ್ದು ನಿಂತ. ಚಿಸಾತೊ ಮುಂದೆ ಆಡಬೇಕಾದ ಮೊದಲ ಮಾತು ಯಾವುದು ಅಂತ ಯೋಚಿಸಿದ. ನಾಲಗೆ ಒಣಗಿತು. ಮತ್ತೆ ಕೂತ. ಎರಡೂ ಕೈಲಿ ಆ ತಲೇನ ಮೆಲ್ಲಗೆ ಎತ್ತಿ, ತನ್ನ ಹೆಗಲ ಮೇಲೆ ಇಟ್ಕೊಂಡ.