ಕರ್ನಲ್ ಸಾಹೇಬರ ಕಪಾಟು

“ರವಿವಾರ ಸಂಜೀ ಆಗೂದ್ರಾಗ ಈ ಕಪಾಟಿನ ಮ್ಯಾಲೆ ಗುಲಗಂಜಿಯಷ್ಟು ಬಣ್ಣ ಉಳೀತಂದ್ರ ನನ್ನ ಹೆಸರು ಶಿವಪ್ರಕಾಶ ಅಲ್ಲ!”

ಈ ಘೋಷಣೆ ಹೊರಡಿಸಿದಾಗ ಆತ ತೊಟ್ಟಿದ್ದದ್ದು ತೂತು ಬನಿಯನ್ನು. ದನಿ ಮಾತ್ರ ಕಿರೀಟ ತೊಟ್ಟವನದು. ವಿಮಾ ಕಚೇರಿಯ ಗುಮಾಸ್ತ, ಪುಣೆಯ ನಿಗಡಿಯಲ್ಲಿ ಮೂರನೇ ಮಹಡಿಯ ನಿವಾಸಿ, ಮತ್ತು ತನ್ನದೇ ಅಭಿಪ್ರಾಯದಲ್ಲಿ ಕಟ್ಟಿಗೆಯ ಗುಣ ಬಲ್ಲ ಮಹಾನ್ ಪಾರಖಿ! ಹೋದ ವಾರ ಕ್ಯಾಂಪಿನ ಹಳೇ ಸಾಮಾನಿನ ಅಂಗಡಿಯಲ್ಲಿ ಹಸಿರು ಬಣ್ಣ ಮೆತ್ತಿದ ಈ ಕಪಾಟು ಕಂಡಿತ್ತು. “ಕರ್ನಲ್ ಸಾಹೇಬಾಂಚಂ ಕಪಾಟ್, ಅಸ್ಸಲ್ ಸಾಗವಾನಿ!” ಎಂದು ಮರಾಠಿಯಲ್ಲಿ ಹೊಗಳಿದ್ದ ಅಂಗಡಿಯವ. ಶಿವಪ್ರಕಾಶ ಅದನ್ನು ಬೆರಳಿನಿಂದ ತಟ್ಟಿ, ಮೂಸಿ, ಒಂದು ಕಣ್ಣು ಮುಚ್ಚಿ ನೋಡಿ, “ಇಂಥಾ ಕಪಾಟು ನಾ ಜನ್ಮದಾಗ ನೋಡಿಲ್ಲ!” ಎಂದು ತೀರ್ಪು ಕೊಟ್ಟಿದ್ದ.

ಹೆಂಡತಿ ರೇಣು ಕಪಾಟಿನೊಳಗೆ ಕೈ ಹಾಕಿ, ಏನೋ ತಡಕಾಡಿ, ಕೈ ಹೊರತೆಗೆದಿದ್ದಳು. ಆಮೇಲೆ, “ಇದನ್ನ ತಗೊಳ್ರಿ. ಆದ್ರ ಬಣ್ಣ ಮಾತ್ರ ನೀವೇ ನಿಮ್ಮ ಕೈಯಾರೆ ತಗೀಬೇಕು” ಎಂದಿದ್ದಳು. ತನ್ನ ಪ್ರತಿಭೆಗೆ ಮನೆಯಲ್ಲೇ ಮನ್ನಣೆ ಸಿಕ್ಕಿತೆಂದು ಆತ ಉಬ್ಬಿ ಹೋಗಿದ್ದ.

ರವಿವಾರ ರೇಣು ಆಕುರ್ಡಿಯ ಕಮಲಮ್ಮನವರ ಮನೆಗೆ, ಅವರ ಬಸುರಿ ಸೊಸೆಯ ಕುಬಸಕ್ಕೆಂದು ಹೊರಟಳು. “ಐದಕ್ಕ ಬರ್ತೀನಿ. ಹೆದರಬ್ಯಾಡ್ರಿ.”

“ಕಪಾಟಿಗೆ ಹೆದರೂ ಗಂಡಸು ಇನ್ನೂ ಹುಟ್ಟಿಲ್ಲ!”

ಪೇಂಟ್ ರಿಮೂವರ್ ಬಳಿದು ಹತ್ತು ನಿಮಿಷಕ್ಕೆ ಹಸಿರು ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಕಬ್ಬಿಣದ ಪಟ್ಟಿಯಿಂದ ಕೆರೆದರೆ ಕೆನೆಯಂತೆ ಕಿತ್ತು ಬಂತು. ಕೆಳಗೆ ಕಂದು ಬಣ್ಣ, ಅದರ ಕೆಳಗೆ ಕಪ್ಪು ವಾರ್ನಿಷ್. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಮಂಕಾಯಿತು. ಇಡೀ ಕಟ್ಟಡದಲ್ಲಿ ಒಂದು ಕುಕ್ಕರಿನ ಸೀಟಿಯೂ ಇಲ್ಲ. ಆಗ ಆ ವಾಸನೆ ಬಂತು. ರಿಮೂವರಿನದಲ್ಲ, ಲವಂಗ, ತಂಬಾಕು. ಮನೆಯಲ್ಲಿ ತಂಬಾಕು ತಿನ್ನುವವರೇ ಇಲ್ಲ! ಎಲ್ಲಿ ಮೂಸಿದ್ದೆ ಇದನ್ನ ಎಂದು ಯೋಚಿಸುವಷ್ಟರಲ್ಲಿ ಕಪಾಟಿನ ಬಾಗಿಲು ಕಿರ್ರ್ ಎಂದು ತಾನಾಗಿ ತೆರೆದುಕೊಂಡಿತು. ಮುಚ್ಚಿದ. ಮತ್ತೆ ತೆರೆಯಿತು. ಒಂದು ಗೇಣು, ಪ್ರತಿ ಸಲವೂ ಅಷ್ಟೇ, ಒಳಗಿನಿಂದ ಯಾರೋ ಇಣುಕುವಷ್ಟು.

“ಕರ್ನಲ್ ಸಾಬ್, ಆಪ್ ಹೈ ಕ್ಯಾ?” ಎಂದು ನಗಲು ನೋಡಿದ.

ಹೆದರಿಕೆಗೆ ಕೆಲಸವೇ ಮದ್ದೆಂದು ಬಾಗಿಲಿನ ಹಲಗೆಯನ್ನು ಬಲಗಡೆಯಿಂದ ಜೋರಾಗಿ ಕೆರೆದ. ಒಂದು ಅಕ್ಷರ ಎದ್ದಿತು: ‘ರಿ’. ಕನ್ನಡದ ‘ರಿ’! ಪುಣೆಯ ಕರ್ನಲ್ ಸಾಹೇಬರಿಗೆ ಕನ್ನಡ ಎಲ್ಲಿಂದ ಬಂತು? ಇನ್ನಷ್ಟು ಕೆರೆದ: ‘ಆಹೇರಿ’. ನಿಲ್ಲಿಸಬೇಕೆಂದರೂ ಕೈ ನಿಲ್ಲಲೊಲ್ಲದು. ‘ತಾಯಪ್ಪನ ಆಹೇರಿ’. ಕೊನೆಗೆ ಇಡೀ ಸಾಲು: ‘ಚಿ. ಸೌ. ರೇಣು ಲಗ್ನಕ್ಕ ಸೋದರಮಾವ ತಾಯಪ್ಪನ ಆಹೇರಿ.’

ಶಿವಪ್ರಕಾಶ ಕಬ್ಬಿಣದ ಪಟ್ಟಿ ಕೆಳಗೆ ಹಾಕಿದ. ತಾಯಪ್ಪ ಮಾವ ತೀರಿಕೊಂಡು ಮೂರು ವರ್ಷ. ಈ ಕಪಾಟು ‘ಸುಟ್ಟು’ ಎಂಟು ವರ್ಷ!

ಅವರ ಊರಿನ ಕಡೆ ಮದುವೆಯ ಉಡುಗೊರೆಯಾದ ಆಹೇರಿಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಕೊಡ, ತಟ್ಟೆ, ಸೌಟು, ಎಲ್ಲದರ ಮೇಲೂ ಹೆಸರು ಹೊಡೆಸುತ್ತಾರೆ. ತಾಯಪ್ಪ ಮಾವ ಕಪಾಟಿನ ಮೇಲೆ ಉಳಿಯಿಂದ ಕೆತ್ತಿಸಿದ್ದ. “ಬಣ್ಣ ಹೋದರೂ ಹೆಸರು ಹೋಗಬಾರದು ನೋಡ್ರಿ ಅಳಿಯಂದ್ರ” ಎಂದಿದ್ದ, ಬಾಯ್ತುಂಬ ಲವಂಗ, ತಂಬಾಕು. ಬಾಡಿಗೆ ಮನೆಯಿಂದ ನಿಗಡಿಗೆ ಬರುವಾಗ ಅದು ಟೆಂಪೋದಲ್ಲಿ ಹಿಡಿಸಲಿಲ್ಲ. ಎರಡನೇ ಸಲ ಹೋಗಿ ತರುವ ಸೋಮಾರಿತನಕ್ಕೆ ಶಿವಪ್ರಕಾಶ ಅದನ್ನು ಗುಜರಿಯವನಿಗೆ ಸಾಗಹಾಕಿ, “ಗೆದ್ದಲ ಹತ್ತಿತ್ತು, ಸುಟ್ಟಬಿಟ್ಟೆ” ಎಂದಿದ್ದ. ರೇಣು ಎರಡು ದಿನ ಊಟ ಬಿಟ್ಟು ಅತ್ತಿದ್ದಳು. ಆ ಅಳು ಈಗ ನೆನಪಾಗಿ ಆತನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ನಾಚಿಕೆಗೆ ಪುರುಸೊತ್ತು ಎಲ್ಲಿದೆ?

ಗ್ರಿಲ್ಲಿಗೆ ಹಚ್ಚಿ ಉಳಿದ ಕಪ್ಪು ಬಣ್ಣ ತಂದು ರಪರಪನೆ ಬಳಿದ. ಕೆಳಗಿನ ರಿಮೂವರ್ ಇನ್ನೂ ಹಸಿ! ಹೊಸ ಬಣ್ಣ ಮುದುಕರ ಚರ್ಮದಂತೆ ಸುಕ್ಕುಗಟ್ಟಿ, ಸರಸರನೆ ಜಾರಿ ನೆಲಕ್ಕಿಳಿಯಿತು. ಕೆತ್ತಿದ ಅಕ್ಷರಗಳೊಳಗೆ ಮಾತ್ರ ಗಟ್ಟಿಯಾಗಿ ನಿಂತಿತು. ಒರೆಸಿದ, ಬಳಿದ, ಒರೆಸಿದ. ಬಳಿದಷ್ಟೂ ‘ತಾಯಪ್ಪ’ ಕಪ್ಪಗೆ, ಸ್ಪಷ್ಟವಾಗಿ ಎದ್ದು ಬರುತ್ತಿದ್ದ.

“ಮಾವಾರ, ತಪ್ಪಾತ್ರಿ! ಇವತ್ತೊಂದು ದಿನ ಒಳಗ ಇರ್ರಿ!”

ಕಿರ್ರ್! ಬಾಗಿಲು ಒಂದು ಗೇಣು ತೆರೆಯಿತು. ಬೆನ್ನ ಹಿಂದೆ ಒಂದು ದನಿ ನಿಧಾನವಾಗಿ ಓದತೊಡಗಿತು: “ಚಿರಂಜೀವಿ ಸೌಭಾಗ್ಯವತಿ ರೇಣು ಲಗ್ನಕ್ಕ…”

“ಯವ್ವಾ!” ಎಂದು ಶಿವಪ್ರಕಾಶ ಚೀರಿದ. ತಿರುಗಿ ನೋಡಿದರೆ ರೇಣು, ಕೈಯಲ್ಲಿ ಕುಬಸದ ಮನೆಯ ತೆಂಗಿನಕಾಯಿ.

“ಕರ್ನಲ್ ಸಾಹೇಬರು ಕನ್ನಡ ಭಾಳ ಛಲೋ ಬರದಾರಲ್ರಿ!”

“ರೇಣು, ಅದು ಏನಾತಂದ್ರ…”

ಅವಳು ಹಲಗೆಯನ್ನು ಬೆರಳಿನಿಂದ ತಟ್ಟಿದಳು. “ಬೂದಿ ಎಷ್ಟು ಗಟ್ಟಿ ಅದ ನೋಡ್ರಿ.”

“ನಿನಗ… ಮೊದಲೇ ಗೊತ್ತಿತ್ತೇನು?”

ರೇಣು ಆತನ ಕೈ ಹಿಡಿದು ಮೇಲಿನ ಖಾನೆಯ ಒಳಮೂಲೆಗೆ ಒತ್ತಿದಳು. ಬೆರಳಿಗೆ ಸಾಲಾಗಿ ಗುಂಡುಗುಂಡಗೆ ಏನೋ ತಾಗಿತು. “ನನ್ನ ಟಿಕಳಿ. ದಿನಾ ಹಣೀಮ್ಯಾಲಿಂದ ತಗದು ಇಲ್ಲೇ ಅಂಟಸ್ತಿದ್ದೆ. ಅಂಗಡ್ಯಾಗ ಕೈ ಹಾಕಿದ ಕೂಡಲೇ ಸಿಕ್ವು.” ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ತಾಯಪ್ಪ ಮಾವನಿಗಿಂತ ಅದಕ್ಕೇ ಶಿವಪ್ರಕಾಶ ಹೆಚ್ಚು ಹೆದರಿದ.

“ಇರ್ಲಿ ಬಿಡ್ರಿ. ನಮ್ಮವ್ವ ಕೊಟ್ಟ ಹಿತ್ತಾಳಿ ಹಂಡೆ ಕಳ್ಳರು ಒಯ್ದ್ರು ಅಂದಿದ್ರಲ್ಲ, ಅದರ ಸುದ್ದಿ ಏನು?”

“ಏ, ಅದು ಖರೇನ ಕಳ್ಳರು…” ಎನ್ನುತ್ತ ಆತ ಕಪಾಟಿನ ಬಾಗಿಲು ಭದ್ರವಾಗಿ ಒತ್ತಿ ಮುಚ್ಚಿದ.

ಕಿರ್ರ್! ಒಂದು ಗೇಣು.

ಶಿವಪ್ರಕಾಶ ಬಣ್ಣ ಮೆತ್ತಿದ ಎರಡೂ ಕೈ ಜೋಡಿಸಿ ಕಪಾಟಿಗೆ ನಮಸ್ಕಾರ ಹಾಕಿದ.

“ಹೇಳ್ತೀನ್ರಿ ಮಾವಾರ, ಹೇಳ್ತೀನಿ! ಅದನ್ನೂ ಅದೇ ಗುಜರಿಯವಗ ಕೊಟ್ಟೇನ್ರಿ!”