ನೊರೆರಾಯನ ಕೈಗುಣ

ಬ್ರಷ್ಷು ಮೆತ್ತಗಿದ್ದದ್ದೇ ತಪ್ಪಾಯಿತು. ಬೆಕ್ಕಿನ ಮರಿಯ ಹೊಟ್ಟೆಯಂತಿದ್ದ ಆ ಶೇವಿಂಗ್ ಬ್ರಷ್ಷನ್ನು ಗಿರಾಕಿಗಳು ಕೆನ್ನೆಗೊಮ್ಮೆ ಸವರಿಕೊಂಡು, "ಅಯ್ಯೋ, ಇದಕ್ಕೆ ಬೆನ್ನುಮೂಳೆನೇ ಇಲ್ಲ. ನೊರೆ ಎಲ್ಲಿಂದ ಬರ್ಬೇಕು?" ಎಂದು ಕೆಳಗಿಟ್ಟು ಹೋಗುತ್ತಿದ್ದರು. ಪೆಟ್ಟಿಗೆಯಲ್ಲಿ ನಲವತ್ತು ಬ್ರಷ್ಷು. ಆರು ತಿಂಗಳಿಂದ ಒಂದೂ ಕದಲಿರಲಿಲ್ಲ.

ಅಂಗಡಿಯ ಯಜಮಾನರು ಅಂದು ಬೆಳಿಗ್ಗೆಯೇ ಅದನ್ನು ಮಾರುವ ನೊರೆರಾಯನಿಗೆ ಹೇಳಿಬಿಟ್ಟರು: "ನೋಡಪ್ಪಾ, ಸಂಜೆ ಬಾಗಿಲು ಹಾಕೋದ್ರೊಳಗೆ ಪೆಟ್ಟಿಗೆ ಖಾಲಿ ಆದ್ರೆ ಈ ಕೌಂಟರ್ ನಿನ್ದೇ. ಇಲ್ದಿದ್ರೆ ನಾಳೆಯಿಂದ ನೀನೂ ಪೆಟ್ಟಿಗೆನೂ ಜೋಡಿಯಾಗಿ ಗೋಡೌನಿಗೆ."

ಗೋಡೌನು ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕಿಟಕಿಯಿಲ್ಲ, ಗಿರಾಕಿಯಿಲ್ಲ, ಮುಖ್ಯವಾಗಿ ಹೊಗಳುವವರಿಲ್ಲ. ಹೊಗಳಿಕೆಯಿಲ್ಲದೆ ಬದುಕುವುದು ನೊರೆರಾಯನ ಜಾಯಮಾನದಲ್ಲೇ ಇರಲಿಲ್ಲ. ಆ ಹೆಸರು ಜೊತೆಗೆ ಕೆಲಸ ಮಾಡುವವರು ಇಟ್ಟದ್ದು. ಅವನದೇನು ಅಂತಿಂಥ ನೊರೆಯೇ? ಅವನು ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿದರೆ ಮೂರನೇ ಮನೆಯವರು ಮೋಡ ಕವಿಯಿತೆಂದು ಬಟ್ಟೆ ಒಳಗೆ ತರುತ್ತಿದ್ದರು!

"ಬರೀ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೋ? ಮಾಡಿ ತೋರ್ಸು" ಎಂದಳು ಪಕ್ಕದ ಕೌಂಟರಿನಲ್ಲಿ ಬಾಚಣಿಗೆ ಮಾರುವ ಅಕ್ಕ.

ತೋರಿಸಲು ಗಡ್ಡ ಬೇಕಲ್ಲ! ಎದುರುಗಡೆಯ ಟೈಲರ್ ಸಿಕ್ಕ. ಅವನದು ಗಡ್ಡವಲ್ಲ, ಸೂಜಿಡಬ್ಬಿ. ಆ ಕೆನ್ನೆಯ ಮೇಲೆ ಕೂತೆದ್ದ ಸೊಳ್ಳೆಗಳು ಕುಂಟುತ್ತ ಹಾರುತ್ತಿದ್ದವು. ಅವನ ಕುತ್ತಿಗೆಗೆ ಟವೆಲ್ಲು ಸುತ್ತಿದ್ದೇ ತಡ, ಜನ ಸೇರಿದರು. ಜನರ ಜೊತೆ ಬುದ್ಧಿವಾದವೂ ಬಂತು.

"ನೀರು ಜಾಸ್ತಿ ಆಯ್ತು ನೋಡಿ!"

"ಒತ್ತಿ ತಿಕ್ಕಪ್ಪಾ, ಅವನೇನು ಅಳಲ್ಲ!"

"ಒತ್ತಬಾರ್ದು ಸ್ವಾಮಿ, ಒತ್ತಿದ್ರೆ ಮೆತ್ತನೆ ಬ್ರಷ್ಷು ಮುನಿಸ್ಕೊಳ್ಳತ್ತೆ" ಎಂದ ನೊರೆರಾಯ. ಬಿಸಿನೀರಿನಲ್ಲಿ ನೆನೆದಿದ್ದ ಬ್ರಷ್ಷನ್ನು ಹಿಂಡಿದ, ಕೊಡವಿದ. ಕೂದಲ ತುದಿಯಷ್ಟೇ ತಾಗುವಂತೆ ಸೋಪಿನ ಮೇಲೆ ತಿರುಗಿಸಿದ. ಆಮೇಲೆ ಕೆನ್ನೆಯ ಮೇಲೆ ಒಂದು ಸುತ್ತು, ಒಂದು ಹನಿ ನೀರು; ಮತ್ತೆ ಸುತ್ತು, ಮತ್ತೆ ಹನಿ. ಮೊದಲು ತೆಳ್ಳಗೆ ಹಾಲಿನಂತಿದ್ದದ್ದು ಕೆನೆಯಾಯಿತು, ಕೆನೆಯಾಗಿದ್ದದ್ದು ಬೆಣ್ಣೆಯಾಯಿತು. ಟೈಲರನ ಕೆನ್ನೆ ಮುಳುಗಿತು, ಕಿವಿ ಮುಳುಗಿತು, ಮೂಗಿನ ತುದಿಯೊಂದು ದ್ವೀಪದಂತೆ ಉಳಿಯಿತು. ನಂಬದವರು ಹೋಗಿ ಆ ಅಂಗಡಿಯ ಫ್ಯಾನು ನೋಡಲಿ, ರೆಕ್ಕೆಗೆ ಮೆತ್ತಿದ ನೊರೆ ಇನ್ನೂ ಹಾಗೇ ಇದೆ.

"ಹೇಗಿದೆಯೋ?" ಎಂದು ಯಾರೋ ಕೂಗಿದರು.

"ಸ್ವರ್ಗ!" ಎಂದಿತು ನೊರೆಯೊಳಗಿನ ದನಿ.

ಗುಂಪನ್ನು ಸೀಳಿಕೊಂಡು ದಪ್ಪ ಮನುಷ್ಯರೊಬ್ಬರು ಮುಂದೆ ಬಂದರು. ಊರಲ್ಲಿ ಅವರದು ಹತ್ತು ಕ್ಷೌರದಂಗಡಿ, ನಲವತ್ತು ಕುರ್ಚಿ. "ಭೇಷ್! ಪೂರ್ತಿ ಪೆಟ್ಟಿಗೆ ಕಟ್ಟಿಬಿಡಿ" ಎಂದರು. ಯಜಮಾನರೇ ದಾರ ತರಲು ಓಡಿದರು. ನೊರೆರಾಯನ ಎದೆ ಉಬ್ಬಿ ಅಂಗಿಯ ಗುಂಡಿಗಳು ನರಳಿದವು.

ಟೈಲರ್ ಮುಖ ಒರೆಸಿಕೊಳ್ಳುತ್ತ ಎದ್ದ. "ಬ್ರಷ್ಷಿಂದೇನ್ರೀ ಮಣ್ಣು! ಎಲ್ಲಾ ಇವನ ಕೈಗುಣ. ಬೂಟು ಉಜ್ಜೋ ಬ್ರಷ್ಷು ಕೊಟ್ರೂ ಇಷ್ಟೇ ನೊರೆ ಬರ್ಸ್ತಾನೆ."

"ಛೆ, ಅದೆಲ್ಲಾ ಆಗೋ ಮಾತಾ?" ಎಂದು ಕ್ಷೌರದಂಗಡಿಯವರು ನಕ್ಕರು.

ಹೌದು, ಆಗಲ್ಲ ಎಂದು ನೊರೆರಾಯ ತಲೆಯಾಡಿಸಿದ್ದರೆ ಮುಗಿದಿತ್ತು. ಅಕ್ಕ ಅವನ ತೋಳು ಚಿವುಟಿದಳು: "ಬಾಯಿ ಮುಚ್ಕೊಂಡು ಪೆಟ್ಟಿಗೆ ಕಟ್ಟೋ, ಪುಣ್ಯಾತ್ಮ!"

ಆದರೆ ನೊರೆರಾಯನ ಕಿವಿಯಲ್ಲಿ 'ಆಗೋ ಮಾತಾ' ಎಂಬುದು ಕಣಜದ ಹುಳದಂತೆ ಗುಂಯ್ಗುಡುತ್ತಿತ್ತು. "ಯಾರು ಹೇಳಿದ್ದು ಆಗಲ್ಲ ಅಂತ?" ಎಂದವನೇ ಕಪಾಟಿನಿಂದ ಹೊಸ ಬೂಟ್ ಬ್ರಷ್ಷೊಂದನ್ನು ಎಳೆದ. ಓಡಲು ನೋಡಿದ ಟೈಲರನನ್ನು ಇಬ್ಬರು ಹಿಡಿದು ಕೂರಿಸಿದರು. ಅದೇ ಸುತ್ತು, ಅದೇ ಹನಿ. ಈ ಸಲ ಮೂಗೂ ಮುಳುಗಿತು! ಚಪ್ಪಾಳೆಗೆ ಗಾಜಿನ ಕಪಾಟು ಅದುರಿತು.

ಕ್ಷೌರದಂಗಡಿಯವರು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಗಲ್ಲ ಕೆರೆದುಕೊಳ್ಳುತ್ತ, ಕಟ್ಟಿ ಸಿದ್ಧವಾಗಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಗುಟ್ಟು ಕೈಯಲ್ಲಿದೆ ಅಂದ್ಮೇಲೆ ಇದ್ಯಾಕೆ? ನಮ್ಮ ಹಳೇ ಬ್ರಷ್ಷುಗಳೇ ಗಟ್ಟಿಮುಟ್ಟಾಗಿವೆ."

"ಹಾಗಾದ್ರೆ ನನ್ನನ್ನೇ ಕರ್ಕೊಂಡ್ಹೋಗಿ ಸಾರ್, ನಿಮ್ಮೋರಿಗೆ ಕಲಿಸ್ತೀನಿ" ಎಂದ ನೊರೆರಾಯ ಗಾಬರಿಯಿಂದ.

"ಎರಡೆರಡು ಸಲ ತೋರ್ಸಿದ್ರಲ್ಲ, ನಾನೇ ಕಲ್ತೆ" ಎಂದು ಅವರು ಕೈಮುಗಿದು ಹೊರಟುಹೋದರು.

ಸಂಜೆ ನೊರೆರಾಯ ನಲವತ್ತು ಬ್ರಷ್ಷುಗಳ ಪೆಟ್ಟಿಗೆ ಹೊತ್ತು ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದ. ಮೇಲಿನಿಂದ ಅಕ್ಕ, "ಅಷ್ಟು ಬಡ್ಕೊಂಡೆ, ಕೇಳಿದ್ಯೇನೋ ನನ್ನ ಮಾತು?" ಎಂದಳು.

ನೊರೆರಾಯ ನಡುಮೆಟ್ಟಿಲಲ್ಲಿ ನಿಂತ, ಪೆಟ್ಟಿಗೆ ಸರಿಪಡಿಸಿಕೊಂಡ, ತಲೆಯೆತ್ತಿದ.

"ಅದಿರ್ಲಿ ಅಕ್ಕಾ, ನಿಜ ಹೇಳು. ಎರಡನೇ ಸಲದ್ದು ಇನ್ನೂ ಎತ್ತರ ಬಂದಿತ್ತು, ಅಲ್ವಾ?"